ಎರವಲು ದನಿಗಳ ಹಾಡು

ಹಕ್ಕಿಗಳು ಹೊರಡಿಸುವ ದನಿಗಳನ್ನು ಪಕ್ಷಿವಿಜ್ಞಾನಿಗಳು ಸಾಮಾನ್ಯವಾಗಿ ಕೂಗು ಮತ್ತು ಹಾಡು ಎಂದು ಎರಡಾಗಿ ವಿಂಗಡಿಸುತ್ತಾರೆ. ಗಿಡುಗ ಕಣ್ಣಿಗೆ ಬಿದ್ದಾಗಿನ ಎಚ್ಚರಿಕೆ, ಹಸಿದ ಮರಿಯ ಚೀರಾಟ, ಹಾರುವ ಗುಂಪು ಚದುರದಿರಲೆಂದು ಕೊಡುವ ಸುಳಿವು ಮೊದಲಾದ ಗಿಡ್ಡ, ಸರಳ ದನಿಗಳು ಕೂಗಿನ ವರ್ಗಕ್ಕೆ ಸೇರುತ್ತವೆ. ಹಲವು ತುಣುಕುಗಳು ಒಂದು ಕ್ರಮದಲ್ಲಿ ಜೋಡಣೆಯಾಗಿ ಬರುವ, ಸಂಗಾತಿಯನ್ನು ಕರೆಯುವುದಕ್ಕೂ ನೆಲೆಯನ್ನು ಕಾಯ್ದುಕೊಳ್ಳುವುದಕ್ಕೂ ಹೆಚ್ಚಾಗಿ ಬಳಕೆಯಾಗುವ ದೀರ್ಘ ದನಿಸರಣಿಗೆ ಹಾಡು ಎಂಬ ಹೆಸರಿದೆ. ಈ ಗೆರೆ ಎಲ್ಲೆಡೆಯೂ ಅಷ್ಟೇನೂ ಖಚಿತವಾಗಿ ಬೀಳುವುದಿಲ್ಲ, ಆದರೆ ಅದರ ಹಿಂದಿರುವ ಇನ್ನೊಂದು ವ್ಯತ್ಯಾಸ ಗಟ್ಟಿಯಾದದ್ದು. ಕೂಗು ಬಹುಮಟ್ಟಿಗೆ ಹುಟ್ಟಿನೊಡನೆ ಬರುತ್ತದೆ, ಹಾಡನ್ನು ಕೇಳಿ ಕಲಿಯಬೇಕಾಗುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಲಿಯಂ ಥಾರ್ಪ್ ಅವರು 1950ರ ದಶಕದಲ್ಲಿ, ದನಿಯ ಏರಿಳಿತಗಳನ್ನು ಕಾಗದದ ಮೇಲೆ ಚಿತ್ರವಾಗಿ ಮೂಡಿಸುವ ಸ್ಪೆಕ್ಟ್ರೋಗ್ರಾಫ್ ಯಂತ್ರದ ನೆರವಿನಿಂದ ಇದನ್ನು ಚಾಫಿಂಚ್ ಎಂಬ ಪುಟ್ಟ ಹಕ್ಕಿಯಲ್ಲಿ ತೋರಿಸಿಕೊಟ್ಟರು: ಹಿರಿಯ ಹಕ್ಕಿಗಳ ಹಾಡು ಕಿವಿಗೆ ಬೀಳದಂತೆ ಬೆಳೆಸಿದ ಮರಿಗಳು ದೊಡ್ಡವಾದ ಮೇಲೆ ಹಾಡಲೇನೋ ಹಾಡಿದವು, ಆದರೆ ಅದು ಜಾತಿಯ ಹಾಡಿನ ಒರಟು ಕಚ್ಚಾ ರೂಪವಷ್ಟೇ ಆಗಿತ್ತು. ದನಿಯನ್ನು ಕೇಳಿ, ನೆನಪಿನಲ್ಲಿಟ್ಟು, ತನ್ನ ಗಂಟಲಿನಿಂದ ಮತ್ತೆ ಹೊರಡಿಸುವ ಈ ಶಕ್ತಿ ಹಕ್ಕಿಗಳಲ್ಲಿ ಮುಖ್ಯವಾಗಿ ಹಾಡುಹಕ್ಕಿಗಳು, ಗಿಳಿಗಳು ಮತ್ತು ಹಮ್ಮಿಂಗ್‌ಬರ್ಡ್‌ಗಳೆಂಬ ಮೂರು ಗುಂಪುಗಳಲ್ಲಿ ಕಂಡುಬರುತ್ತದೆ. ಸಸ್ತನಿಗಳ ಪೈಕಿ ಮನುಷ್ಯನನ್ನು ಬಿಟ್ಟರೆ ತಿಮಿಂಗಿಲ, ಡಾಲ್ಫಿನ್, ಬಾವಲಿಯಂಥ ಕೆಲವೇ ಪ್ರಾಣಿಗಳಿಗೆ ಇದು ದಕ್ಕಿದೆ. ಮನುಷ್ಯನ ಹತ್ತಿರದ ಬಂಧುಗಳಾದ ವಾನರಗಳಲ್ಲಿ ಇದು ತೀರ ಕ್ಷೀಣವಾಗಿರುವುದರಿಂದಲೇ ಮಾತಿನ ಕಲಿಕೆಯ ಗುಟ್ಟನ್ನು ಅರಸುವವರು ಮರದ ಮೇಲಿನ ಕೋತಿಯನ್ನು ಬಿಟ್ಟು ಅದೇ ಮರದ ಮೇಲಿನ ಹಕ್ಕಿಯ ಬೆನ್ನು ಹತ್ತಿದ್ದಾರೆ.

ಹೀಗೆ ಬೆನ್ನು ಹತ್ತಲ್ಪಟ್ಟ ಹಕ್ಕಿಗಳಲ್ಲಿ ಯುರೋಪಿನ ಸ್ಟಾರ್ಲಿಂಗ್‌ಗೆ ವಿಶೇಷ ಸ್ಥಾನವಿದೆ. ಸ್ಟರ್ನಸ್ ವಲ್ಗ್ಯಾರಿಸ್ ಎಂಬ ಶಾಸ್ತ್ರೀಯ ನಾಮದ, ಸುಮಾರು 20 ಸೆಂಟಿಮೀಟರ್ ಉದ್ದದ, ಕಪ್ಪು ಮೈಯಲ್ಲಿ ಹಸಿರು-ನೇರಳೆ ಹೊಳಪಿರುವ, ಚಳಿಗಾಲದಲ್ಲಿ ಮೈತುಂಬ ಬಿಳಿ ಚುಕ್ಕೆಗಳನ್ನು ತಳೆಯುವ ಈ ಹಕ್ಕಿ ಕನ್ನಡನಾಡಿನ ಅಂಗಳಗಳಲ್ಲಿ ಓಡಾಡುವ ಗೊರವಂಕದ ಸಮೀಪದ ಬಂಧು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹಿಂಡುಹಿಂಡಾಗಿ ಬಂದು ಬಯಲುಸೀಮೆಯ ಜೋಳದ ಹೊಲಗಳ ಮೇಲೆ ಇಳಿಯುವ ಗುಲಾಬಿ ಕಬ್ಬಕ್ಕಿಯೂ ಇದೇ ಕುಟುಂಬದ್ದು. ಯುರೋಪಿನ ಸ್ಟಾರ್ಲಿಂಗ್ ಮನುಷ್ಯನ ನೆರೆಯಲ್ಲಿ, ಛಾವಣಿಯ ಸಂದುಗಳಲ್ಲಿ ಮತ್ತು ಮರದ ಪೊಟರೆಗಳಲ್ಲಿ ಗೂಡು ಮಾಡುವ, ಸಂಜೆಯ ಹೊತ್ತು ಸಾವಿರಾರು ಸಂಖ್ಯೆಯಲ್ಲಿ ಆಕಾಶದಲ್ಲಿ ಸುರುಳಿಯಾಡುವ ಹಕ್ಕಿ. 1890 ಮತ್ತು 1891ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಯೂಜೀನ್ ಶೀಫೆಲಿನ್ ಎಂಬಾತ ಸುಮಾರು ನೂರು ಹಕ್ಕಿಗಳನ್ನು ಹಾರಿಬಿಟ್ಟ ನಂತರ ಅದು ಉತ್ತರ ಅಮೆರಿಕದ ಉದ್ದಗಲಕ್ಕೂ ಹರಡಿ, ಇತರ ಹಕ್ಕಿಗಳ ಪೊಟರೆಗಳನ್ನು ಕಸಿಯುವ ಪೀಡೆಯೆಂಬ ಅಪಖ್ಯಾತಿಯನ್ನೂ ಗಳಿಸಿತು. ಪ್ರಯೋಗಾಲಯಗಳಿಗೆ ಇದರಿಂದ ಅನುಕೂಲವೇ ಆಯಿತೆನ್ನಬೇಕು. ಯಾರಿಗೂ ಬೇಡವಾದ, ಎಲ್ಲೆಂದರಲ್ಲಿ ಸಿಗುವ, ಪಂಜರದಲ್ಲಿ ಚೆನ್ನಾಗಿ ಬಾಳುವ, ಸಾಲದ್ದಕ್ಕೆ ಬಾಯಿ ಮುಚ್ಚದ ಹಕ್ಕಿ ಸಂಶೋಧಕರಿಗೆ ಬೇರೆಲ್ಲಿ ಸಿಕ್ಕೀತು?

ಈ ಹಕ್ಕಿಯ ಬಗ್ಗೆ ಜನ ಮೊದಲು ಹೇಳುವ ಮಾತು ಅದು ಅನುಕರಣೆಯಲ್ಲಿ ನಿಸ್ಸೀಮ ಎಂಬುದು. ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯಲ್ಲಿ, ರಾಜಮನೆತನದ ಹುಡುಗರ ಬಳಿ ಇದ್ದ ಒಂದು ಸ್ಟಾರ್ಲಿಂಗ್ ಗ್ರೀಕ್ ಮತ್ತು ಲ್ಯಾಟಿನ್ ಮಾತುಗಳನ್ನು ಕಲಿಯುತ್ತಿತ್ತೆಂದು ದಾಖಲಿಸಿದ್ದಾನೆ. ಈ ಖ್ಯಾತಿ ಸುಳ್ಳಲ್ಲ, ಆದರೆ ಅದೊಂದನ್ನೇ ಹಿಡಿದು ಹೊರಟರೆ ಹಾಡಿನ ಬಹುಭಾಗ ಕಿವಿಗೆ ಬೀಳದೆ ಹೋಗುತ್ತದೆ. ಎರವಲು ತಂದ ದನಿಗಳನ್ನು ಹಕ್ಕಿ ಎಲ್ಲಿ ಇಡುತ್ತದೆ, ಯಾರಿಂದ ತರುತ್ತದೆ, ಯಾರೆದುರು ಹಾಡುತ್ತದೆ ಎಂಬ ಮೂರು ವಿಚಾರಗಳನ್ನು ಕೂಡಿಸಿ ನೋಡಿದಾಗ ಮಾತ್ರ ಅದು ಬರೀ ನಕಲುಗಾರನಲ್ಲ, ಕಟ್ಟುವ ಕಸುಬಿನ ಹಾಡುಗಾರ ಎಂಬುದು ತಿಳಿಯುತ್ತದೆ.

ದನಿ ಹುಟ್ಟುವ ಅಂಗವನ್ನು ಮೊದಲು ನೋಡಬೇಕು. ಮನುಷ್ಯನ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿ ಒಂದೇ ಇದ್ದರೆ, ಹಕ್ಕಿಯ ದನಿ ಹುಟ್ಟುವುದು ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆದು ಎರಡು ಶ್ವಾಸಕೋಶಗಳತ್ತ ಸಾಗುವ ಜಾಗದಲ್ಲಿ. ಸಿರಿಂಕ್ಸ್ ಎಂದು ಕರೆಯಲಾಗುವ ಈ ಅಂಗದ ಎಡಬಲ ಕವಲುಗಳೆರಡರಲ್ಲೂ ಕಂಪಿಸುವ ಮೆತ್ತನೆಯ ಅಂಗಾಂಶಗಳಿದ್ದು, ಹಾಡುಹಕ್ಕಿಗಳಲ್ಲಿ ಎರಡೂ ಬದಿಯ ಸ್ನಾಯುಗಳನ್ನು ಮಿದುಳು ಬೇರೆಬೇರೆಯಾಗಿ ನಿಯಂತ್ರಿಸಬಲ್ಲದು. ಆದ್ದರಿಂದ ಒಂದೇ ಹಕ್ಕಿ ಒಂದೇ ಕ್ಷಣದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ದನಿಗಳನ್ನು ಹೊರಡಿಸುವುದು ಸಾಧ್ಯ. ಸ್ಟಾರ್ಲಿಂಗ್ ಈ ಸೌಲಭ್ಯವನ್ನು ಧಾರಾಳವಾಗಿ ಬಳಸಿಕೊಳ್ಳುತ್ತದೆ. ಒಂದು ಬದಿಯಿಂದ ಟಿಕ್ ಟಿಕ್ ಎಂಬ ಸದ್ದು ನಡೆಯುತ್ತಿರುವಾಗಲೇ ಇನ್ನೊಂದು ದನಿ ಅದರ ಮೇಲೆ ಹರಿದುಹೋಗುವುದನ್ನು ಸ್ಪೆಕ್ಟ್ರೋಗ್ರಾಫ್ ಚಿತ್ರಗಳಲ್ಲಿ ಸ್ಪಷ್ಟವಾಗಿ ಗುರುತಿಸಬಹುದು.

ಹತ್ತಿರದಿಂದ ಕೇಳದವರಿಗೆ ಗಂಡು ಸ್ಟಾರ್ಲಿಂಗಿನ ಹಾಡು ಗೊಗ್ಗರು ದನಿ, ಸಿಳ್ಳೆ, ಕಿರಿಚು, ಬಾಗಿಲು ಕಿರುಗುಟ್ಟಿದಂಥ ಸದ್ದುಗಳ ಗೊತ್ತುಗುರಿಯಿಲ್ಲದ ಕಲಸುಮೇಲೋಗರವೆನಿಸುತ್ತದೆ. ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದಲ್ಲಿ ಮಾರ್ಸೆಲ್ ಏನ್ಸ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಿಂದ ನಡೆಸಿದ ಅಧ್ಯಯನಗಳು ಈ ಭಾವನೆಯನ್ನು ಅಳಿಸಿಹಾಕಿದವು. ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಎಡೆಬಿಡದೆ ಸಾಗುವ ಒಂದು ಸಂಪೂರ್ಣ ಹಾಡು ನಾಲ್ಕು ಘಟ್ಟಗಳಲ್ಲಿ ನಡೆಯುತ್ತದೆ, ಮತ್ತು ಕರ್ನಾಟಕ ಸಂಗೀತದ ಕಛೇರಿಯಲ್ಲಿ ವರ್ಣ ಮೊದಲು ಬಂದು ತನಿ ಆವರ್ತನ ಪ್ರಧಾನ ಕೃತಿಯ ಬೆನ್ನಿಗೇ ಬರುವಂತೆ ಈ ಘಟ್ಟಗಳ ಅನುಕ್ರಮ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಮೊದಲಿಗೆ ಒಂದಷ್ಟು ಬಿಡಿಬಿಡಿಯಾದ, ಎಳೆದ ಸಿಳ್ಳೆಗಳು. ಅನಂತರ ಬರುವುದು ಅತ್ಯಂತ ವೈವಿಧ್ಯಮಯವಾದ ಎರಡನೆಯ ಘಟ್ಟ. ಸಣ್ಣಸಣ್ಣ ದನಿಗಳನ್ನು ಹೆಣೆದು ಮಾಡಿದ, ಸಾಮಾನ್ಯವಾಗಿ ಒಂದು ಸೆಕೆಂಡಿನ ಆಸುಪಾಸಿನ ಪಲುಕುಗಳನ್ನು ಹಕ್ಕಿ ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದನ್ನೂ ಕೆಲವು ಸಲ ತಿರುಗಿಸಿ ಹಾಡಿ ಮುಂದಿನದಕ್ಕೆ ದಾಟುತ್ತದೆ. ಬೇರೆ ಹಕ್ಕಿಗಳಿಂದಲೂ ಸುತ್ತಲ ಸದ್ದುಗಳಿಂದಲೂ ತಂದ ಅನುಕರಣೆಗಳು ಮುಖ್ಯವಾಗಿ ಕಾಣಿಸಿಕೊಳ್ಳುವುದು ಇಲ್ಲಿ. ಮೂರನೆಯ ಘಟ್ಟದಲ್ಲಿ ಸೆಕೆಂಡಿಗೆ ಹದಿನೈದರವರೆಗೂ ಏರುವ ವೇಗದಲ್ಲಿ ಕಟಕಟನೆ ಉದುರುವ ಸದ್ದುಗಳ ಸಾಲು ಬರುತ್ತದೆ. ಎರಡು ದನಿಗಳ ಜೋಡಾಟ ಹೆಚ್ಚು ಕೇಳಿಬರುವುದು ಈ ಭಾಗದಲ್ಲಿಯೇ. ಕೊನೆಯ ಘಟ್ಟದ ದನಿಗಳು ಎತ್ತರದ ಸ್ಥಾಯಿಯವು, ಬಲು ಗಟ್ಟಿಯಾದವು, ಮತ್ತು ಹತ್ತಿರದಲ್ಲಿ ಹೆಣ್ಣಿದ್ದರೆ ಆ ಹೊತ್ತಿಗೆ ಗಂಡು ಗಂಟಲ ಗರಿಗಳನ್ನು ಕೆದರಿಕೊಂಡು ರೆಕ್ಕೆಗಳನ್ನು ಬೀಸಿ ಬೀಸಿ ಆಡಿಸುತ್ತಿರುತ್ತದೆ. ಹಾಡು ಎಲ್ಲಿ ಬೇಕಾದರೂ ಅರ್ಧಕ್ಕೆ ನಿಲ್ಲಬಹುದು, ಆದರೆ ಕೊನೆಯದು ಮೊದಲಾಗುವುದಿಲ್ಲ.

ಒಂದು ಗಂಡಿನ ಸಂಗ್ರಹದಲ್ಲಿ ಇಂಥ ಪಲುಕುಗಳು ಇಪ್ಪತ್ತರಿಂದ ಎಪ್ಪತ್ತರವರೆಗೆ ಇರಬಹುದು. ಝೀಬ್ರಾ ಫಿಂಚ್‌ನಂಥ ಹಕ್ಕಿ ಹುಟ್ಟಿದ ಸುಮಾರು ಮೂರು ತಿಂಗಳೊಳಗೆ ಒಂದು ಹಾಡನ್ನು ಕಲಿತು ಜೀವನವಿಡೀ ಅದನ್ನೇ ಹಾಡಿಕೊಂಡಿರುತ್ತದೆ. ಸ್ಟಾರ್ಲಿಂಗಿನ ಕಲಿಕೆಗೆ ಅಂಥ ಗಡುವಿಲ್ಲ. ವಯಸ್ಸಾದಂತೆ ಅದು ಹಳೆಯ ಪಲುಕುಗಳಲ್ಲಿ ಕೆಲವನ್ನು ಬಿಟ್ಟು ಹೊಸದನ್ನು ಸೇರಿಸಿಕೊಳ್ಳುತ್ತ ಹೋಗುವುದರಿಂದ ಹಿರಿಯ ಗಂಡುಗಳ ಸಂಗ್ರಹ ಸಾಮಾನ್ಯವಾಗಿ ಎಳೆಯ ಗಂಡುಗಳದಕ್ಕಿಂತ ದೊಡ್ಡದಾಗಿರುತ್ತದೆ. ಹಾಡನ್ನು ನಡೆಸುವ ಮಿದುಳಿನ ಎಚ್‌ವಿಸಿ ಎಂಬ ನರಕೋಶಗಳ ಗುಚ್ಛವೂ ಹಿರಿಯ ಹಕ್ಕಿಗಳಲ್ಲಿ ಹಿಗ್ಗಿರುವುದು ಕಂಡುಬಂದಿದೆ. ಮೊದಲ ಘಟ್ಟದ ಸಿಳ್ಳೆಗಳ ಕತೆ ಸ್ವಲ್ಪ ಬೇರೆ. ಫ್ರಾನ್ಸಿನ ರೆನ್ ನಗರದಲ್ಲಿ ಮಾರ್ಟಿನ್ ಹೌಸ್‌ಬರ್ಗರ್ ದೀರ್ಘಕಾಲ ನಡೆಸಿದ ಅಧ್ಯಯನದ ಪ್ರಕಾರ ಅವುಗಳಲ್ಲಿ ಕೆಲವು ಮಾದರಿಗಳು ಈ ಜಾತಿಯ ಎಲ್ಲ ಗಂಡುಗಳಿಗೂ ಸಮಾನವಾಗಿದ್ದು, ಊರಿಂದೂರಿಗೆ ಅವುಗಳ ವರಸೆ ಮಾತ್ರ ಬದಲಾಗುತ್ತದೆ; ಗಂಡುಗಳು ದೂರದಿಂದ ಪರಸ್ಪರ ಸವಾಲು-ಜವಾಬು ನಡೆಸುವುದು ಈ ಸಿಳ್ಳೆಗಳಲ್ಲಿ. ಹೀಗೆ ಒಂದೇ ಹಾಡಿನೊಳಗೆ ಜಾತಿಗೆಲ್ಲ ಸೇರಿದ್ದು, ಊರಿಗೆ ಸೇರಿದ್ದು, ಆ ಹಕ್ಕಿಯೊಂದಕ್ಕೇ ಸೇರಿದ್ದು ಎಲ್ಲವೂ ಒಂದರ ಪಕ್ಕದಲ್ಲೊಂದು ಇರುತ್ತವೆ.

ವಸಂತದಲ್ಲಿ ಈ ಹಾಡಿಗೆ ಕಿವಿಗೊಡುವವರು ಯಾರೆಂಬುದರಲ್ಲಿ ಅನುಮಾನವಿಲ್ಲ. ಪೊಟರೆಯೊಂದನ್ನು ವಶಪಡಿಸಿಕೊಂಡ ಗಂಡು ಅದರ ಬಾಯಲ್ಲಿ ಕುಳಿತು ಹಾಡುತ್ತದೆ, ನಡುನಡುವೆ ಹಸಿ ಸೊಪ್ಪು ಸದೆಗಳನ್ನು ತಂದು ಗೂಡಿಗೆ ಸೇರಿಸುತ್ತದೆ. ಜೋಡಿ ಕೂಡಿಕೊಂಡ ಮೇಲೆ ಹಾಡು ಇಳಿಮುಖವಾಗುತ್ತದೆ. ಪ್ರಯೋಗಕ್ಕಾಗಿ ಹೆಣ್ಣನ್ನು ಹಿಡಿದು ದೂರವಿರಿಸಿದಾಗ ಗಂಡಿನ ಹಾಡು ಮತ್ತೆ ಏರಿತೆಂದು ಇನ್ನೆಸ್ ಕಟ್‌ಹಿಲ್ ಮತ್ತು ಆಂಡ್ರ್ಯೂ ಹಿಂಡ್‌ಮಾರ್ಶ್ 1985ರಲ್ಲಿ ವರದಿ ಮಾಡಿದರು. ಹೆಣ್ಣಿನ ಆಯ್ಕೆ ಬಹುಮಟ್ಟಿಗೆ ಹಾಡಿನ ಉದ್ದವನ್ನು ಅವಲಂಬಿಸಿದೆ ಎಂಬುದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಿಮೊತಿ ಜೆಂಟ್ನರ್ ಮತ್ತು ಸ್ಟೂವರ್ಟ್ ಹಲ್ಸ್ ಸರಳವಾದ ಉಪಾಯದಿಂದ ಪರೀಕ್ಷಿಸಿದರು. ಹೆಣ್ಣು ಹಕ್ಕಿ ಒಂದು ಕೋಲಿನ ಮೇಲೆ ಬಂದು ಕೂತರೆ ದೀರ್ಘವಾದ ಹಾಡು, ಇನ್ನೊಂದರ ಮೇಲೆ ಕೂತರೆ ಚಿಕ್ಕ ಹಾಡು ಧ್ವನಿವರ್ಧಕದಿಂದ ಕೇಳಿಸುವಂತೆ ಏರ್ಪಡಿಸಿದಾಗ ಹೆಣ್ಣುಗಳು ದೀರ್ಘ ಹಾಡಿನ ಕಡೆಗೇ ಹೆಚ್ಚು ಒಲಿದವು.

ಉದ್ದದ ಹಾಡಿನಲ್ಲಿ ಹೆಣ್ಣಿಗೆ ಸಿಗುವ ಮಾಹಿತಿ ಏನೆಂಬುದಕ್ಕೆ ಉತ್ತರ ಗಂಡಿನ ಬಾಲ್ಯದಲ್ಲಿದೆ. ಕ್ಯಾಥರೀನ್ ಬುಕಾನನ್, ಕರೆನ್ ಸ್ಪೆನ್ಸರ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಳೆಯ ಸ್ಟಾರ್ಲಿಂಗ್‌ಗಳಲ್ಲಿ ಕೆಲವಕ್ಕೆ ಆಹಾರ ಯಾವಾಗ ಸಿಗುತ್ತದೆ, ಯಾವಾಗ ಇಲ್ಲ ಎಂಬುದೇ ತಿಳಿಯದಂತೆ ಮಾಡಲಾಗಿತ್ತು. ಮುಂದಿನ ವಸಂತದಲ್ಲಿ ಆ ಗಂಡುಗಳು ತಡವಾಗಿ ಹಾಡಲು ತೊಡಗಿದವು, ಕಡಿಮೆ ಹೊತ್ತು ಹಾಡಿದವು, ಹಾಡಿದ್ದೂ ಗಿಡ್ಡವಾಗಿತ್ತು. ಹಾಡಿಗೆ ಬೇಕಾದ ನರಜಾಲ ಮಿದುಳಿನಲ್ಲಿ ರೂಪುಗೊಳ್ಳುವ ಹೊತ್ತಿಗೇ ಹೊಟ್ಟೆಗಿಲ್ಲದ ಹಕ್ಕಿ ಆ ಕೊರತೆಯನ್ನು ಆಮೇಲೆ ಮುಚ್ಚಿಡಲಾರದು. ಈ ಅರ್ಥದಲ್ಲಿ ಹಾಡು ಸುಳ್ಳು ಹೇಳಲು ಕಷ್ಟವಾದ ಸಂಕೇತ, ವಿಜ್ಞಾನಿಗಳ ಪರಿಭಾಷೆಯಲ್ಲಿ ಪ್ರಾಮಾಣಿಕ ಸಂಕೇತ.

ಆದರೆ ಈ ಪ್ರಾಮಾಣಿಕತೆಯನ್ನೂ ಕೆಡಿಸುವ ದಾರಿಗಳು ಹೊಸ ಕಾಲದಲ್ಲಿ ತೆರೆದುಕೊಂಡಿವೆ. ಬ್ರಿಟನ್ನಿನ ಕೊಳಚೆನೀರು ಶುದ್ಧೀಕರಣ ಘಟಕಗಳಲ್ಲಿ ಬೆಳೆಯುವ ಹುಳುಗಳನ್ನು ಹೆಕ್ಕಲು ಸ್ಟಾರ್ಲಿಂಗ್‌ಗಳು ಬರುತ್ತವೆ, ಮತ್ತು ಆ ಹುಳುಗಳ ಮೈಯಲ್ಲಿ ಮನುಷ್ಯರ ಮೂಲಕ ಚರಂಡಿ ಸೇರಿದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಹಾಗೂ ಅದನ್ನು ಹೋಲುವ ಕೈಗಾರಿಕಾ ರಾಸಾಯನಿಕಗಳು ಸೇರಿರುತ್ತವೆ. ಕಾರ್ಡಿಫ್ ವಿಶ್ವವಿದ್ಯಾಲಯದ ತಂಡವೊಂದು ಅದೇ ಪ್ರಮಾಣದ ರಾಸಾಯನಿಕಗಳನ್ನು ಪಂಜರದ ಗಂಡುಗಳಿಗೆ ತಿನ್ನಿಸಿ ನೋಡಿ 2008ರಲ್ಲಿ ಪ್ರಕಟಿಸಿದ ಫಲಿತಾಂಶ ಯಾರೂ ಊಹಿಸಿರದಂಥದ್ದು: ವಿಷ ತಿಂದ ಗಂಡುಗಳ ಹಾಡು ಕುಗ್ಗುವ ಬದಲು ಇನ್ನೂ ದೀರ್ಘವೂ ಸಂಕೀರ್ಣವೂ ಆಯಿತು, ಎಚ್‌ವಿಸಿ ಹಿಗ್ಗಿತು, ಹೆಣ್ಣುಗಳು ಅವುಗಳನ್ನೇ ಮೆಚ್ಚಿದವು; ಅದೇ ಹಕ್ಕಿಗಳ ರೋಗನಿರೋಧಕ ಶಕ್ತಿ ಮಾತ್ರ ಕುಸಿದಿತ್ತು. ಹಾಡುಹಕ್ಕಿಗಳ ಮಿದುಳಿನಲ್ಲಿ ಟೆಸ್ಟೋಸ್ಟಿರೋನಿನ ಒಂದು ಪಾಲು ಈಸ್ಟ್ರೋಜನ್ನಾಗಿ ಮಾರ್ಪಟ್ಟು ಹಾಡಿನ ಕೇಂದ್ರಗಳನ್ನು ರೂಪಿಸುತ್ತದೆ ಎಂಬುದನ್ನು ನೆನೆದರೆ ಈ ಫಲಿತಾಂಶ ಅಷ್ಟೊಂದು ವಿಚಿತ್ರವೆನಿಸುವುದಿಲ್ಲ.

ಇಷ್ಟರಿಂದ ಹಾಡೆಲ್ಲವೂ ಪ್ರಣಯಕ್ಕೇ ಮೀಸಲೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಹೆಣ್ಣು ಸ್ಟಾರ್ಲಿಂಗ್‌ಗಳೂ ಹಾಡುತ್ತವೆ. ಈ ಸಂಗತಿಗೆ ಬಹುಕಾಲ ಸಿಗಬೇಕಾದಷ್ಟು ಗಮನ ಸಿಗಲಿಲ್ಲ, ಸಂಶೋಧಕರ ಮೈಕ್ರೊಫೋನು ಗಂಡುಗಳತ್ತಲೇ ತಿರುಗಿತ್ತು. ಹಾಗೆಯೇ ಸಂತಾನೋತ್ಪತ್ತಿಯ ಕಾಲ ಮುಗಿದು, ಗಂಡಿನ ರಕ್ತದಲ್ಲಿ ಟೆಸ್ಟೋಸ್ಟಿರೋನ್ ತೀರ ಇಳಿದಿರುವ ಶರತ್ಕಾಲದಲ್ಲಿ, ಹಿಂಡುಹಿಂಡಾಗಿ ಮರಗಳ ಮೇಲೆ ಕೂತ ಹಕ್ಕಿಗಳು ಯಾರನ್ನೂ ಒಲಿಸುವ ಉದ್ದೇಶವಿಲ್ಲದೆ ಗಂಟೆಗಟ್ಟಲೆ ಹಾಡುತ್ತಿರುತ್ತವೆ. ಇದಕ್ಕೆ ಪ್ರೇರಣೆ ಏನೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾರೆನ್ ರೈಟರ್ಸ್ ತಮ್ಮ ಪ್ರಯೋಗಗಳಲ್ಲಿ ಹುಡುಕಿದರು. ಹಕ್ಕಿ ಹಾಡಿದ ಕೂಡಲೆ ಅದನ್ನು ನಿರ್ದಿಷ್ಟ ಬಣ್ಣದ ಗೂಡಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮುಂದೆ ಅದಕ್ಕೆ ಬೇಕಾದ ಬಣ್ಣದ ಕಡೆ ಹೋಗಲು ಬಿಟ್ಟರೆ, ಹಾಡಿದಾಗ ಮನಸ್ಸಿಗೆ ಹಿತವಾಗಿದ್ದಲ್ಲಿ ಆ ಬಣ್ಣವನ್ನೇ ಅದು ಆರಿಸಿಕೊಳ್ಳಬೇಕು ಎಂಬುದು ಆ ಪ್ರಯೋಗಗಳ ತರ್ಕ. ಶರತ್ಕಾಲದಲ್ಲಿ ಹಿಂಡಿನ ನಡುವೆ ಹೆಚ್ಚು ಹಾಡಿದ ಹಕ್ಕಿಗಳು ಹಾಗೆಯೇ ಆರಿಸಿಕೊಂಡವು. ವಸಂತದಲ್ಲಿ ಹೆಣ್ಣಿಗಾಗಿ ಹಾಡಿದವುಗಳಲ್ಲಿ ಅಂಥ ಒಲವು ಕಾಣಲಿಲ್ಲ. ಮಿದುಳು ತಾನೇ ತಯಾರಿಸಿಕೊಳ್ಳುವ, ಅಫೀಮಿನಂತೆ ಕೆಲಸ ಮಾಡುವ ಓಪಿಯಾಯ್ಡ್ ರಾಸಾಯನಿಕಗಳಿಗೂ ಈ ಶರತ್ಕಾಲದ ಹಾಡಿಗೂ ನಂಟಿದೆ. ವಸಂತದ ಹಾಡಿಗೆ ಸಂಭಾವನೆ ಹೆಣ್ಣಿನಿಂದ ಬರಬೇಕು, ಶರತ್ಕಾಲದ ಹಾಡಿಗೆ ಹಾಡುವುದೇ ಸಂಭಾವನೆ.

ಜೊತೆಗಾರರ ಈ ಮಹತ್ವ ಅನುಕರಣೆಯ ವಿಷಯದಲ್ಲಿ ಇನ್ನೂ ಎದ್ದು ಕಾಣುತ್ತದೆ. ಅಮೆರಿಕದ ಮೆರೆಡಿತ್ ವೆಸ್ಟ್ ಮತ್ತು ಆಂಡ್ರ್ಯೂ ಕಿಂಗ್ 1980ರ ದಶಕದಲ್ಲಿ ಕೈಯಾರೆ ಸಾಕಿದ ಸ್ಟಾರ್ಲಿಂಗ್ ಮರಿಗಳನ್ನು ಮೂರು ಬಗೆಯ ಪರಿಸರದಲ್ಲಿ ಬೆಳೆಸಿದರು. ಕೆಲವು ಮನೆಯವರೊಂದಿಗೆ ಬೆರೆತು, ಹೆಗಲ ಮೇಲೆ ಕೂತು, ತಟ್ಟೆಯಲ್ಲಿ ಬಾಯಿ ಹಾಕಿ ಬೆಳೆದವು. ಕೆಲವು ಮನೆಯಲ್ಲೇ ಪಂಜರದಲ್ಲಿದ್ದು, ಜನರ ಮಾತು ಕೇಳುತ್ತಿದ್ದರೂ ಅವರೊಡನೆ ಒಡನಾಟವಿಲ್ಲದೆ ಬೆಳೆದವು. ಉಳಿದವಕ್ಕೆ ಇತರ ಹಕ್ಕಿಗಳ ಸಹವಾಸವೇ ಪ್ರಧಾನವಾಗಿತ್ತು. ಮನುಷ್ಯರ ಮಾತನ್ನು ಅನುಕರಿಸಿದವು ಮೊದಲ ಗುಂಪಿನವು ಮಾತ್ರ. ಎರಡನೆಯ ಗುಂಪಿನ ಕಿವಿಗೂ ಮಾತು ಬಿದ್ದೇ ಇತ್ತು, ಆದರೆ ಅದು ಅವುಗಳನ್ನು ಉದ್ದೇಶಿಸಿದ ಮಾತಾಗಿರಲಿಲ್ಲ. ಒಡನಾಡಿ ಬೆಳೆದ ಹಕ್ಕಿಗಳು ಆಯ್ದುಕೊಂಡ ಸದ್ದುಗಳೂ ಈ ದಿಕ್ಕನ್ನೇ ತೋರಿಸುತ್ತವೆ: ಬರುವಾಗ ಹೋಗುವಾಗ ಹೇಳುವ ಮಾತುಗಳು, ಮುದ್ದು ಮಾಡುವ ಸದ್ದು, ಕೀಲಿಕೈಗಳ ಝಣತ್ಕಾರ, ಬಾಗಿಲ ಕಿರುಗು. ಕಾಲಿನ ಸೋಂಕಿಗೆ ಔಷಧಿ ಹಚ್ಚಲು ಕೈಯಲ್ಲಿ ಹಿಡಿದಾಗ ಒದ್ದಾಡುತ್ತಿದ್ದ ಒಂದು ಹಕ್ಕಿ, ತನ್ನದೊಂದು ಪ್ರಶ್ನೆಯಿದೆ ಎಂಬರ್ಥದ ಇಂಗ್ಲಿಷ್ ಮಾತನ್ನು ಉದುರಿಸಿತಂತೆ. ಪ್ರಸಂಗಕ್ಕೆ ಅದು ಎಷ್ಟು ಚೆನ್ನಾಗಿ ಒಗ್ಗಿದರೂ ಅರ್ಥವರಿತು ಆಡಿದ ಮಾತೆಂದು ಭಾವಿಸಲು ಆಧಾರವಿಲ್ಲ.

ಆ ಹಕ್ಕಿಗಳು ಮಾತನ್ನು ತುಂಡರಿಸಿದ ರೀತಿ ಕುತೂಹಲಕರವಾದದ್ದು. ಸ್ವಾನೀ ನದಿಯ ಬಗೆಗಿನ ಜನಪ್ರಿಯ ಅಮೆರಿಕನ್ ಹಾಡೊಂದರ ಮೊದಲ ಸಾಲನ್ನು ಕಲಿಸಿದಾಗ ಒಂದು ಹಕ್ಕಿ ನದಿಯ ಹೆಸರಿನ ಮೊದಲ ಅಕ್ಷರಕ್ಕೇ ನಿಂತುಬಿಡುತ್ತಿತ್ತು. ಸಾವಿರಾರು ಸಲ ಹೇಳಿಕೊಟ್ಟರೂ ಉಳಿದ ಭಾಗ ಅದರ ಬಾಯಿಂದ ಹೊರಬರಲಿಲ್ಲ. ಅಲ್ಲಿಂದ ಅದು ತನ್ನದೇ ಸಿಳ್ಳೆಗೆ ಜಾರಿ, ಬೇರೊಂದು ರಾಗದ ಚೂರನ್ನು ಹಿಡಿದು, ನಡುವೆ ಕಿರಿಚುಗಳನ್ನು ತುಂಬಿಕೊಂಡು ಮುಂದುವರಿಯುತ್ತಿತ್ತು. ಮನುಷ್ಯನ ಕಿವಿಗೆ ಅಸಂಬದ್ಧವೆನಿಸುವ ಈ ಜೋಡಣೆ ಸ್ಟಾರ್ಲಿಂಗಿನ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಎರಡನೆಯ ಘಟ್ಟದ ಪಲುಕಿಗೆ ಬೇಕಾದಷ್ಟು ಉದ್ದದ ತುಣುಕು ಸಿಕ್ಕಿದರೆ ಸಾಕು. ಮೂಲದ ಪದ ಎಲ್ಲಿ ಮುಗಿಯುತ್ತದೆ ಎಂಬುದರ ಗೊಡವೆ ಅದಕ್ಕಿಲ್ಲ.

ವೆಸ್ಟ್ ಮತ್ತು ಕಿಂಗ್ 1990ರಲ್ಲಿ ಈ ಅನುಭವದ ಬೆಳಕಿನಲ್ಲಿ ಇತಿಹಾಸದ ಒಂದು ಪ್ರಸಿದ್ಧ ಹಕ್ಕಿಯತ್ತ ತಿರುಗಿದರು. ವಿಯೆನ್ನಾದಲ್ಲಿದ್ದ ಸಂಗೀತಗಾರ ಮೊಜಾರ್ಟ್ 1784ರ ಮೇ 27ರಂದು 34 ಕ್ರಾಯ್ಟ್ಸರ್ ಕೊಟ್ಟು ಸ್ಟಾರ್ಲಿಂಗೊಂದನ್ನು ಕೊಂಡದ್ದನ್ನು ಖರ್ಚಿನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಪಕ್ಕದಲ್ಲಿ ಅದು ಹಾಡಿದ ಸ್ವರಗಳನ್ನೂ ಬರೆದು ಚೆನ್ನಾಗಿತ್ತೆಂದು ಮೆಚ್ಚಿದ್ದಾನೆ. ಆ ಸ್ವರಗಳು ಅದೇ ವರ್ಷದ ಏಪ್ರಿಲ್ 12ರಂದು ಆತ ಮುಗಿಸಿದ್ದ, ಕೆ. 453 ಎಂಬ ಸಂಖ್ಯೆಯ ಪಿಯಾನೊ ಕಂಚೆರ್ಟೊದ ಕೊನೆಯ ಭಾಗದ ಪಲ್ಲವಿಯನ್ನೇ ಹೋಲುತ್ತವೆ, ಆದರೆ ಹಕ್ಕಿ ಒಂದು ಸ್ವರವನ್ನು ಬೇಕಾದ್ದಕ್ಕಿಂತ ಹೆಚ್ಚು ಎಳೆದಿತ್ತು ಮತ್ತು ಜಿ ಸ್ವರ ಬರಬೇಕಾದಲ್ಲಿ ಅದಕ್ಕಿಂತ ಅರ್ಧ ಮೆಟ್ಟಿಲು ಮೇಲಿನ ಜಿ ಶಾರ್ಪ್ ಹಾಡಿತ್ತು. ಸಾರ್ವಜನಿಕರೆದುರು ಇನ್ನೂ ನುಡಿಸಿರದ ಕೃತಿ ಅಂಗಡಿಯ ಹಕ್ಕಿಗೆ ಹೇಗೆ ತಿಳಿಯಿತೆಂಬ ಪ್ರಶ್ನೆಗೆ, ಹಿಂದೆಯೇ ಆ ಅಂಗಡಿಗೆ ಹೋಗಿದ್ದ ಮೊಜಾರ್ಟ್ ಅಲ್ಲಿ ಸಿಳ್ಳೆ ಹಾಕಿರಬೇಕೆಂಬ ಊಹೆ ಹೊಂದುತ್ತದೆ. ಸುಮಾರು ಮೂರು ವರ್ಷ ಜೊತೆಗಿದ್ದ ಹಕ್ಕಿ 1787ರ ಜೂನ್ 4ರಂದು ಸತ್ತಾಗ ಆತ ಅದನ್ನು ವಿಧಿವತ್ತಾಗಿ ಹೂಳಿ ಅದರ ಮೇಲೊಂದು ಪದ್ಯ ಬರೆದ. ಹತ್ತು ದಿನಗಳ ನಂತರ ಆತ ತನ್ನ ಪಟ್ಟಿಗೆ ಸೇರಿಸಿದ, ಸಂಗೀತದ ತಮಾಷೆಯೆಂಬ ಹೆಸರಿನ ಅಪಸ್ವರಗಳ ಕೃತಿಯಲ್ಲಿ ಈ ಹಕ್ಕಿಯ ಗುರುತಿದೆ ಎಂಬುದು ವೆಸ್ಟ್ ಮತ್ತು ಕಿಂಗ್ ಅವರ ಸೂಚನೆ. ಅಡ್ಡಾದಿಡ್ಡಿಯಾಗಿ ಉದ್ದವಾಗುವ ಸಾಲುಗಳು, ಹಠಾತ್ತನೆ ಕಡಿದುಹೋಗುವ ಮುಕ್ತಾಯ ಎಲ್ಲವೂ ಸ್ಟಾರ್ಲಿಂಗ್ ಶೈಲಿಯವೇ ಎಂಬುದು ನಿಜ. ಆದರೆ ಆ ಕೃತಿಯ ಒಂದಷ್ಟು ಭಾಗಗಳನ್ನು ಹಕ್ಕಿ ಬದುಕಿದ್ದಾಗಲೇ ಬರೆಯಲಾಗಿತ್ತೆಂದು ಹಸ್ತಪ್ರತಿಯ ಕಾಗದದ ಪರಿಶೀಲನೆ ಹೇಳುವುದರಿಂದ, ಅದನ್ನು ಹಕ್ಕಿಗೆ ಸಲ್ಲಿಸಿದ ಶ್ರದ್ಧಾಂಜಲಿಯೆಂದು ಕರೆಯುವುದು ಅತಿಯಾಯಿತು.

ಅನುಕರಣೆಗೆ ಒಡನಾಟವೇ ಮೂಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಭಾರತದ್ದೇ ಆದ ಹಕ್ಕಿಯಿಂದ ಬರುತ್ತದೆ. ಪಶ್ಚಿಮ ಘಟ್ಟಗಳಲ್ಲೂ ಈಶಾನ್ಯದ ಕಾಡುಗಳಲ್ಲೂ ಇರುವ ಬೆಟ್ಟದ ಮೈನಾಗಳು ಸ್ಟಾರ್ಲಿಂಗ್ ಕುಟುಂಬಕ್ಕೇ ಸೇರಿದವು. ಪಂಜರದಲ್ಲಿ ಅವುಗಳಷ್ಟು ಸ್ಪಷ್ಟವಾಗಿ ಮನುಷ್ಯರ ದನಿಯನ್ನು ನಕಲು ಮಾಡುವ ಹಕ್ಕಿಗಳು ಕಡಿಮೆ. ಆದರೆ ಬ್ರಯನ್ ಬರ್ಟ್ರಮ್ ಅಸ್ಸಾಮಿನ ಕಾಡುಗಳಲ್ಲಿ ಅವುಗಳನ್ನು ಅಧ್ಯಯನ ಮಾಡಿ 1970ರಲ್ಲಿ ಪ್ರಕಟಿಸಿದಂತೆ, ಸ್ವತಂತ್ರವಾಗಿ ಬದುಕುವ ಬೆಟ್ಟದ ಮೈನಾ ಬೇರೆ ಜಾತಿಯ ಹಕ್ಕಿಗಳನ್ನು ಅನುಕರಿಸುವುದಿಲ್ಲ. ಅದು ಕಲಿಯುವುದು ನೆರೆಹೊರೆಯ ಮೈನಾಗಳ ಕೂಗುಗಳನ್ನು, ಅದರಲ್ಲೂ ಗಂಡು ಗಂಡಿನಿಂದ, ಹೆಣ್ಣು ಹೆಣ್ಣಿನಿಂದ. ಕೆಲವೇ ಕಿಲೋಮೀಟರ್ ಆಚೆಗೆ ಹೋದರೆ ಕೂಗುಗಳ ಸಂಗ್ರಹವೇ ಬೇರೆಯಾಗಿರುತ್ತದೆ. ಮರಿಯಾಗಿದ್ದಾಗಲೇ ಕಾಡಿನಿಂದ ಕಿತ್ತು ತಂದ ಮೈನಾಗೆ ಪಂಜರದಲ್ಲಿ ನೆರೆಹೊರೆಯೆಂದರೆ ಮನುಷ್ಯರೇ ಆದ್ದರಿಂದ ಅವರ ದನಿಯೇ ಅದರ ಪಾಲಿಗೆ ಬರುತ್ತದೆ.

ಇಷ್ಟೆಲ್ಲ ಕೂಡಿಸಿ ಹಾಡುವ ಹಕ್ಕಿ ಇನ್ನೊಂದರ ಹಾಡನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಬಿರುಸಿನ ಚರ್ಚೆಗೆ ಕಾರಣವಾದ ವಿಷಯ. ಜೆಂಟ್ನರ್ ಮತ್ತು ಹಲ್ಸ್ ಅವರ ಅಧ್ಯಯನಗಳ ಪ್ರಕಾರ ಸ್ಟಾರ್ಲಿಂಗ್ ಪರಿಚಿತ ಹಕ್ಕಿಯನ್ನು ಗುರುತಿಸುವುದು ಅದರ ಪಲುಕುಗಳನ್ನು ನೆನಪಿಟ್ಟುಕೊಂಡು. ಗೊತ್ತಿರುವ ಪಲುಕುಗಳ ಪ್ರಮಾಣ ಹೆಚ್ಚಿದಷ್ಟೂ ಗುರುತು ಗಟ್ಟಿಯಾಗುತ್ತದೆ. 2006ರಲ್ಲಿ ಜೆಂಟ್ನರ್ ಮತ್ತು ಸಹೋದ್ಯೋಗಿಗಳು ಇನ್ನೂ ಮುಂದೆ ಹೋಗಿ, ಗೊರಗೊರ ಸದ್ದಿನ ಪಲುಕನ್ನು ಕ, ಉಲಿಯುವ ಪಲುಕನ್ನು ಗ ಎಂದು ಇಟ್ಟುಕೊಂಡರೆ, ಕಗಕಗ ಎಂಬ ಸಾಲುಗಳನ್ನೂ ಕಕಗಗ ಎಂಬ ಸಾಲುಗಳನ್ನೂ ಸ್ಟಾರ್ಲಿಂಗ್‌ಗಳು ಬೇರ್ಪಡಿಸಲು ಕಲಿತವೆಂದು ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು. ಎರಡನೆಯ ಬಗೆ ಮುಖ್ಯವಾಗುವುದೇಕೆಂದರೆ ಎಷ್ಟು ಕ ಬಂದಿತೋ ಅಷ್ಟೇ ಗ ಬರಬೇಕೆಂಬ ನಿಯಮ ಅಲ್ಲಿದೆ. ವಾಕ್ಯದೊಳಗೆ ವಾಕ್ಯವನ್ನು ಸೇರಿಸುತ್ತ ಹೋಗುವ, ಮನುಷ್ಯಭಾಷೆಗೆ ಮಾತ್ರ ಮೀಸಲೆಂದು ಹಲವರು ನಂಬಿದ ಸಾಮರ್ಥ್ಯದ ಸರಳ ಮಾದರಿ ಅದು. ಹನ್ನೊಂದು ಹಕ್ಕಿಗಳಲ್ಲಿ ಒಂಬತ್ತು ಇದನ್ನು ಕಲಿತವು, ಆದರೆ ಅದಕ್ಕೆ ಹತ್ತು ಸಾವಿರದಿಂದ ಐವತ್ತು ಸಾವಿರ ಸಲದ ಅಭ್ಯಾಸ ಬೇಕಾಯಿತು. ಟೀಕೆ ತಡವಾಗಲಿಲ್ಲ. ಝೀಬ್ರಾ ಫಿಂಚ್‌ಗಳ ಮೇಲೆ ಅಂಥದೇ ಪ್ರಯೋಗ ನಡೆಸಿದ ನೆದರ್ಲೆಂಡ್ಸ್ ಸಂಶೋಧಕರು 2009ರಲ್ಲಿ, ಹಕ್ಕಿಗಳು ಸಾಲಿನ ಆರಂಭದಲ್ಲಿ ಒಂದೇ ದನಿ ಎರಡು ಸಲ ಬಂದಿತೇ ಎಂಬಂಥ ಸುಲಭ ಸುಳಿವುಗಳಿಂದಲೇ ಉತ್ತರ ಹುಡುಕಬಹುದೆಂದು ತೋರಿಸಿದರು. ಐವತ್ತು ಸಾವಿರ ಸಲದ ತರಬೇತಿಯ ನಂತರ ಹಕ್ಕಿಯ ಮಿದುಳಿನಲ್ಲಿರುವುದು ವ್ಯಾಕರಣವೋ ಉರು ಹೊಡೆದ ಪಟ್ಟಿಯೋ ಎಂಬ ಅನುಮಾನ ಉಳಿದೇ ಇದೆ, ಮತ್ತು ಆ ಅನುಮಾನಕ್ಕೇ ಹೆಚ್ಚು ತೂಕ.

ಸ್ವರಗಳ ವಿಷಯದಲ್ಲಿ ಮಾತ್ರ ಉತ್ತರ ಹೆಚ್ಚು ಸ್ಪಷ್ಟವಾಗಿದೆ. ಪರಿಚಿತ ರಾಗವೊಂದನ್ನು ಬೇರೆ ಶ್ರುತಿಯಲ್ಲಿ ಹಾಡಿದರೂ ಮನುಷ್ಯರು ಗುರುತಿಸುತ್ತಾರೆ, ಏಕೆಂದರೆ ಅವರಿಗೆ ಮುಖ್ಯವಾಗುವುದು ಸ್ವರಸ್ವರಗಳ ನಡುವಿನ ಅಂತರ. ಏರುವ ಸ್ವರಸಾಲನ್ನು ಇಳಿಯುವುದರಿಂದ ಬೇರ್ಪಡಿಸಲು ತರಬೇತಿ ಪಡೆದ ಸ್ಟಾರ್ಲಿಂಗ್‌ಗಳು ಅದೇ ಸಾಲನ್ನು ತಾವು ಕೇಳಿರದ ಸ್ಥಾಯಿಗೆ ಒಯ್ದಾಗ ಕಂಗಾಲಾದವೆಂದು ಹಲ್ಸ್ ಮತ್ತು ಜೆಫ್ರಿ ಸಿಂಕ್ಸ್ 1985ರಲ್ಲಿ ಕಂಡುಕೊಂಡರು. ಇದರಿಂದ ಹಕ್ಕಿಗಳು ಪ್ರತಿ ಸ್ವರದ ನಿಜವಾದ ಎತ್ತರವನ್ನೇ ನೆನಪಿಡುತ್ತವೆ ಎಂಬ ತೀರ್ಮಾನ ಮೂರು ದಶಕಗಳ ಕಾಲ ನಡೆದುಬಂತು. ಮೈಕಾ ಬ್ರೆಗ್‌ಮನ್, ಅನಿರುದ್ಧ್ ಪಟೇಲ್ ಮತ್ತು ಜೆಂಟ್ನರ್ 2016ರಲ್ಲಿ ಆ ತೀರ್ಮಾನವನ್ನು ತಿದ್ದಿದರು. ದನಿಯೊಂದರಲ್ಲಿ ಯಾವ ಯಾವ ಆವರ್ತನದಲ್ಲಿ ಎಷ್ಟೆಷ್ಟು ಶಕ್ತಿ ಹಂಚಿಕೆಯಾಗಿದೆ ಎಂಬ ಒಟ್ಟು ಆಕಾರವನ್ನು ಉಳಿಸಿಕೊಂಡು ಸ್ವರದ ಎತ್ತರವನ್ನೇ ಅಳಿಸಿಹಾಕುವ, ಕೇಳಲು ಬರೀ ಪಿಸುಗುಟ್ಟಿದಂತಿರುವ ಕೃತಕ ಸಾಲುಗಳನ್ನು ಅವರು ಸ್ಟಾರ್ಲಿಂಗ್‌ಗಳಿಗೆ ಕೇಳಿಸಿದಾಗ, ಹಕ್ಕಿಗಳು ಕಲಿತ ಸಾಲುಗಳನ್ನು ತಪ್ಪದೆ ಗುರುತಿಸಿದವು. ಎತ್ತರವನ್ನು ಉಳಿಸಿ ಆಕಾರವನ್ನು ಕೆಡಿಸಿದಾಗ ಸೋತವು. ಮನುಷ್ಯರು ರಾಗವನ್ನು ಕೇಳುವ ಬಗೆ ಇದಲ್ಲ, ಆದರೆ ಅ, ಇ, ಉ ಎಂಬ ಸ್ವರಾಕ್ಷರಗಳನ್ನು ಒಂದರಿಂದೊಂದು ಬೇರ್ಪಡಿಸಿ ಮಾತನ್ನು ಗ್ರಹಿಸುವ ಬಗೆ ಬಹುಮಟ್ಟಿಗೆ ಇದೇ. ಪಿಸುಮಾತಿನಲ್ಲಿ ಸ್ವರದ ಎತ್ತರ ಇಲ್ಲದಿದ್ದರೂ ಅದು ಅರ್ಥವಾಗುವುದು ಇದೇ ಕಾರಣಕ್ಕೆ. ಸಂಗೀತವೆಂದು ಮನುಷ್ಯರು ಆಲಿಸುವ ಹಾಡನ್ನು ಸ್ಟಾರ್ಲಿಂಗ್ ಕೇಳಿಸಿಕೊಳ್ಳುವುದು ಮಾತನ್ನು ಕೇಳಿಸಿಕೊಳ್ಳುವ ಕಿವಿಯಿಂದ.